ದಾವಣಗೆರೆ ಎಕ್ಸ್‌ಪ್ರೆಸ್

1997ರ ಆಗಸ್ಟ್ 15ರವರೆಗೆ ನಮ್ಮ ಗೋವಿನಕೋವಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಹೊನ್ನಾಳಿ, ಚನ್ನಗಿರಿಗಳೆಲ್ಲ ಅದಕ್ಕೆ ಸೇರಿದವು. ಕಚೇರಿ ಕೆಲಸಕ್ಕೆ ಹೋಗುವವರ ಬಸ್ಸಿನ ದಿಕ್ಕು ಬದಲಾಯಿತು. ನನ್ನಂಥ ಕ್ರಿಕೆಟ್ ಹುಚ್ಚಿನವರಿಗೆ ಮಾತ್ರ ಇನ್ನೊಂದು ಚಿಂತೆ. ಅಲ್ಲಿಯವರೆಗೆ "ನಮ್ಮ ಜಿಲ್ಲೆಯವರು" ಎಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಭದ್ರಾವತಿಯ ಜಿ.ಆರ್. ವಿಶ್ವನಾಥ್ ಇದ್ದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿ, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದವರು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು ನಮ್ಮ ಹೊನ್ನಾಳಿ ಸೀಮೆಗೇ ಬರುತ್ತಾಳೆಂಬ ಕಾರಣಕ್ಕೆ ವಿಶ್ವನಾಥ್ ನಮ್ಮೂರಿನವರೇ ಎಂದು ವಾದಿಸುವ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದರು. ಜಿಲ್ಲೆ ಬದಲಾದೊಡನೆ ಆ ವಾದಕ್ಕೆ ಕಾಗದದ ಆಧಾರ ಇಲ್ಲವಾಯಿತು!

ಹೊಸ ಜಿಲ್ಲೆಗೆ ತನ್ನದೇ ಕ್ರಿಕೆಟಿಗ ದೊರೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಆರ್. ವಿನಯ್ ಕುಮಾರ್ ಹುಟ್ಟಿದ್ದು ದಾವಣಗೆರೆಯಲ್ಲಿ, 1984ರ ಫೆಬ್ರುವರಿ 12ರಂದು. ವಿಶ್ವನಾಥ್ ಹುಟ್ಟಿದ್ದೂ ಫೆಬ್ರುವರಿ 12ರಂದೇ, 1949ರಲ್ಲಿ. ಈ ಕಾಕತಾಳೀಯವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ, ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು.

ವಿನಯ್ ಅವರ ತಂದೆ ದಾವಣಗೆರೆಯಲ್ಲಿ ಆಟೊ ಓಡಿಸುತ್ತಿದ್ದವರು. ಕ್ರಿಕೆಟ್ ಎಂದರೆ ಬೆಂಗಳೂರು ಎಂದಿದ್ದ ರಾಜ್ಯದಲ್ಲಿ ಇದು ಸಣ್ಣ ಸಂಗತಿಯಲ್ಲ. ಕ್ಲಬ್ಬು, ಲೀಗು, ಟರ್ಫ್ ಪಿಚ್ಚು, ಆಯ್ಕೆದಾರರ ಕಣ್ಣು ಎಲ್ಲವೂ ಅಲ್ಲಿ. ಗದಗಿನ ಸುನಿಲ್ ಜೋಶಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಓಡಾಡಿ ಬೆಳೆದವರು. ವಿನಯ್ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರನ್ನು ಗೆಲ್ಲಬೇಕಾಯಿತು. 2004-05ರ ಋತುವಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟಿಗೆ ಕಾಲಿಟ್ಟರು. ಮುಂದೆ "ದಾವಣಗೆರೆ ಎಕ್ಸ್‌ಪ್ರೆಸ್" ಎಂಬ ಹೆಸರು ಅಂಟಿಕೊಂಡಿತು.

ಎಕ್ಸ್‌ಪ್ರೆಸ್ ಎಂಬ ಹೆಸರೇ ಅವರಿಗೆ ಸ್ವಲ್ಪ ಅನ್ಯಾಯ ಮಾಡಿತೆಂದು ನನ್ನ ಅನಿಸಿಕೆ. ಅವರದು ಗಂಟೆಗೆ 130 ಕಿಲೋಮೀಟರಿನ ಆಸುಪಾಸಿನ ವೇಗ. ಅವರ ವಿದ್ಯೆ ಇದ್ದದ್ದು ಚೆಂಡನ್ನು ಗಾಳಿಯಲ್ಲಿ ತಿರುಗಿಸುವುದರಲ್ಲಿ. ಒಂಬತ್ತನೆಯ ತರಗತಿಯವರಿಗೆ ದ್ರವ ಮತ್ತು ಅನಿಲಗಳ ಪಾಠ ಹೇಳುವಾಗ ನಾನು ಒಂದು ಹಳೆಯ ಕ್ರಿಕೆಟ್ ಚೆಂಡನ್ನು ಕೊಂಡೊಯ್ಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚೆಂಡಿನ ಹೊಲಿಗೆಯನ್ನು ಸ್ವಲ್ಪ ಓರೆಯಾಗಿ ಸ್ಲಿಪ್ ಕಡೆಗೆ ಮಾಡಿ ಹಿಡಿಯಬೇಕು. ಹೊಲಿಗೆಯಿರುವ ಪಕ್ಕದಲ್ಲಿ ಗಾಳಿಯ ಪದರ ಕದಡಿಹೋಗಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಉಜ್ಜಿ ಹೊಳಪು ಮಾಡಿದ ಇನ್ನೊಂದು ಪಕ್ಕದಲ್ಲಿ ಬೇಗ ಬಿಟ್ಟುಕೊಳ್ಳುತ್ತದೆ. ಈ ವ್ಯತ್ಯಾಸದಿಂದ ಚೆಂಡು ಹೊಲಿಗೆ ತೋರಿಸಿದ ದಿಕ್ಕಿಗೆ ವಾಲುತ್ತದೆ. ವೇಗ ತೀರ ಹೆಚ್ಚಾದರೆ ಎರಡೂ ಪಕ್ಕದ ಗಾಳಿ ಕದಡಿ ಈ ಲಾಭ ಕಡಿಮೆಯಾಗುತ್ತದೆ. ಅಂದರೆ ಅತಿವೇಗವಿಲ್ಲದವನಿಗೂ ನಿಸರ್ಗ ಒಂದು ಅಸ್ತ್ರ ಕೊಟ್ಟಿದೆ. ಆದರೆ ಮಣಿಕಟ್ಟು ಪ್ರತಿ ಸಲವೂ ಅದೇ ಕೋನದಲ್ಲಿರಬೇಕು, ಹೊಲಿಗೆ ನೆಟ್ಟಗೆ ನಿಲ್ಲಬೇಕು, ಚೆಂಡು ಬ್ಯಾಟುಗಾರನನ್ನು ಮುಂದೆ ಬರಮಾಡುವಷ್ಟು ಉದ್ದಕ್ಕೆ ಬೀಳಬೇಕು. ದಿನಕ್ಕೆ ಇಪ್ಪತ್ತು ಓವರು, ಹದಿನೈದು ವರ್ಷ. ನಾಟಿ ಮಾಡುವ ಕೈಗಳಿಗೆ ಮಾತ್ರ ಇಂಥ ಬೇಸರವಿಲ್ಲದ ನಿಖರತೆ ಇರುವುದನ್ನು ನಾನು ಕಂಡಿದ್ದೇನೆ.

ಭಾರತ ತಂಡದ ಬಾಗಿಲು ತೆರೆದದ್ದು 2010ರಲ್ಲಿ. ವೆಸ್ಟ್ ಇಂಡೀಸಿನಲ್ಲಿ ನಡೆದ ಟ್ವೆಂಟಿ20 ವಿಶ್ವಕಪ್ಪಿನಲ್ಲಿ ಶ್ರೀಲಂಕಾದ ವಿರುದ್ಧ ಆಡಿದರು. ಅದೇ ತಿಂಗಳು ಜಿಂಬಾಬ್ವೆಯಲ್ಲಿ ಮೊದಲ ಏಕದಿನ ಪಂದ್ಯ. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್ನಿಗೆ 4 ವಿಕೆಟ್ ಕಿತ್ತ ದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಒಟ್ಟು 31 ಏಕದಿನ ಪಂದ್ಯ, 38 ವಿಕೆಟ್. ಕೆಟ್ಟ ಲೆಕ್ಕವೇನಲ್ಲ.

ಆದರೆ ಜನ ನೆನಪಿಟ್ಟುಕೊಂಡಿರುವುದು ಬೇರೆ ಎರಡು ದಿನಗಳನ್ನು.

ಮೊದಲನೆಯದು ಪರ್ತ್. 2012ರ ಜನವರಿಯಲ್ಲಿ, ಆಸ್ಟ್ರೇಲಿಯ ಸರಣಿಯ ಮೂರನೆಯ ಟೆಸ್ಟಿಗೆ ಅಶ್ವಿನ್ ಅವರನ್ನು ಕೈಬಿಟ್ಟು ನಾಲ್ಕನೆಯ ವೇಗಿಯಾಗಿ ವಿನಯ್ ಅವರನ್ನು ಇಳಿಸಿದರು. ಭಾರತ 161ಕ್ಕೆ ಆಲೌಟ್. ಅಂದು ಸಂಜೆಯೇ ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ನೂರು ಹೊಡೆದರು. ಮುಂದೆ ಅದು 180 ಆಯಿತು. ಗಟ್ಟಿ ನೆಲದ ಆ ಪಿಚ್ಚಿನಲ್ಲಿ ಪುಟಿದೇಳುವ ಚೆಂಡಿಗೆ ಬೆಲೆಯೇ ಹೊರತು ನಯವಾಗಿ ವಾಲುವ ಚೆಂಡಿಗಲ್ಲ. ವಿನಯ್ 13 ಓವರಿನಲ್ಲಿ 73 ರನ್ ಕೊಟ್ಟು ಮೈಕ್ ಹಸ್ಸಿಯ ವಿಕೆಟ್ ಪಡೆದರು. ಭಾರತ ಇನ್ನಿಂಗ್ಸ್ ಮತ್ತು 37 ರನ್ನಿನಿಂದ ಸೋತಿತು. ಅವರಿಗೆ ಮತ್ತೊಂದು ಟೆಸ್ಟ್ ಸಿಗಲಿಲ್ಲ. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ ಹೊಡೆದ ವಿಶ್ವನಾಥರಿಗೆ ಎರಡನೆಯ ಇನ್ನಿಂಗ್ಸ್ ಇತ್ತು. ವಿನಯ್ ಬೌಲ್ ಮಾಡಲು ಆ ಪಂದ್ಯದಲ್ಲಿ ಎರಡನೆಯ ಇನ್ನಿಂಗ್ಸೇ ಬರಲಿಲ್ಲ.

ಎರಡನೆಯದು 2013ರ ನವೆಂಬರ್ 2, ನರಕ ಚತುರ್ದಶಿಯ ದಿನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಅಂದರೆ ಸ್ವಂತ ಅಂಗಳ. ರೋಹಿತ್ ಶರ್ಮಾ 209 ಹೊಡೆದ ಪಂದ್ಯ. ಎರಡೂ ತಂಡಗಳು ಸೇರಿ 38 ಸಿಕ್ಸರ್ ಬಾರಿಸಿದ ಆ ಪಂದ್ಯದಲ್ಲಿ ಭಾರತ 57 ರನ್ನಿನಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು. ವಿನಯ್ ಮಾತ್ರ 9 ಓವರಿನಲ್ಲಿ 102 ರನ್ ಕೊಟ್ಟಿದ್ದರು. ಹಬ್ಬಕ್ಕೆ ಬಂದಿದ್ದ ನೆಂಟರ ಹುಡುಗರು ನಮ್ಮ ಮನೆಯ ಟಿ.ವಿ. ಮುಂದೆ ಕುಳಿತು "ಎಕ್ಸ್‌ಪ್ರೆಸ್ ಹಳಿ ತಪ್ಪಿತು" ಎಂದು ನಕ್ಕರು. ಪಟಾಕಿಯ ಜೊತೆಗೆ ಆ ನಗೆಯೂ ಬೀದಿಯಲ್ಲಿ ಕೇಳಿಸಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂದು ಮನೆಗೆ ಬಂದಿದ್ದ. ಶಾಲೆಯಲ್ಲಿದ್ದಾಗ ಗದ್ದೆ ಕೊಯ್ಲಾದ ಮೇಲೆ ಆ ಬಿರುಕುಬಿಟ್ಟ ನೆಲದಲ್ಲೇ ಟೆನಿಸ್ ಚೆಂಡನ್ನು ಎರಡೂ ಕಡೆಗೆ ತಿರುಗಿಸುತ್ತಿದ್ದವನು. ಈಗ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಎಲ್ಲರೂ ನಗುವಾಗ ಅವನೊಬ್ಬ ನಗಲಿಲ್ಲ. "ಸಾರ್, ಆ ಓವರು ಯಾರಾದ್ರೂ ಹಾಕ್ಲೇಬೇಕಲ್ರೀ. ಬೇಡ ಅಂತ ಚೆಂಡು ವಾಪಸ್ ಕೊಟ್ರೇನು ಅವ್ರು?" ಎಂದ. ನೆಂಟರ ಹುಡುಗರಿಗೆ ಅದು ತಲುಪಲಿಲ್ಲ. ನನಗೆ ಇಷ್ಟು ವರ್ಷವಾದರೂ ಆ ಮಾತು ಮರೆತಿಲ್ಲ.

ಅದೇ ವಿನಯ್ ಅವರ ಕೊನೆಯ ಅಂತರರಾಷ್ಟ್ರೀಯ ಏಕದಿನ ಪಂದ್ಯ. ಅಂತರ್ಜಾಲದಲ್ಲಿ ಅವರ ಹೆಸರು ಹುಡುಕಿದರೆ ಇಂದಿಗೂ ಈ 102 ಎದುರಾಗುತ್ತದೆ. ಅದಾಗಿ ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು ಏನಾಯಿತೆಂದು ಹುಡುಗರನ್ನು ಕೇಳಿನೋಡಿ, ಹೇಳುವವರು ಕಡಿಮೆ. ಅಂದು ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1998-99ರ ನಂತರ ಮೊದಲ ಸಲ. ನಾಯಕ ವಿನಯ್ ಕುಮಾರ್.

ನಡುವಿನ ಆ ಹದಿನೈದು ವರ್ಷಗಳ ಬರ ಎಂಥದೆಂದು ಬಲ್ಲವರಿಗೆ ಗೊತ್ತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ವಿರುದ್ಧದ ಫೈನಲ್ಲನ್ನು ಕರ್ನಾಟಕ ಬರೀ 6 ರನ್ನಿನಿಂದ ಕಳೆದುಕೊಂಡಿತ್ತು. ಮನೀಶ್ ಪಾಂಡೆ 144 ಹೊಡೆದೂ ಸಾಲದಾಯಿತು. ಆ ಸೋಲನ್ನು ಮೈದಾನದಲ್ಲಿ ನಿಂತು ಕಂಡವರಲ್ಲಿ ವಿನಯ್ ಒಬ್ಬರು. ಹಾಗಾಗಿ 2014ರ ಗೆಲುವು ಅವರ ಪಾಲಿಗೆ ಏನಾಗಿರಬಹುದೆಂದು ಊಹಿಸಬಹುದು; ಅದರಲ್ಲೂ ನವೆಂಬರಿನ ಆ ರಾತ್ರಿಯ ಮೂರು ತಿಂಗಳ ಬಳಿಕ. ಅದೇ ಋತುವಿನಲ್ಲಿ ಇರಾನಿ ಟ್ರೋಫಿ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ಬಂದವು. ಮರುವರ್ಷ ಮೂರನ್ನೂ ಮತ್ತೆ ಗೆದ್ದರು.

ಮರುವರ್ಷದ ಫೈನಲ್ಲನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2015ರ ಮಾರ್ಚ್, ಮುಂಬೈನ ವಾಂಖೆಡೆ ಕ್ರೀಡಾಂಗಣ, ಎದುರಾಳಿ ತಮಿಳುನಾಡು. ಹೊಸ ಚೆಂಡು ಹಿಡಿದ ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತರು. ತಮಿಳುನಾಡು 134ಕ್ಕೆ ಮುಗಿಯಿತು. ಕರ್ನಾಟಕವೂ 84ಕ್ಕೆ 5 ವಿಕೆಟ್ ಕಳೆದುಕೊಂಡು ಕುಸಿದಾಗ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ 386 ರನ್ ಸೇರಿಸಿದರು. ಕರುಣ್ 328, ರಾಹುಲ್ 188. ಇಲ್ಲಿಯವರೆಗೆ ಎಲ್ಲರಿಗೂ ನೆನಪು. ಆಮೇಲೆ ಕೆಳಗಿನ ಕ್ರಮಾಂಕದಲ್ಲಿ ಬಂದು ನಾಯಕ ಔಟಾಗದೆ 105 ಹೊಡೆದರೆಂಬುದು ತ್ರಿಶತಕದ ನೆರಳಿನಲ್ಲಿ ಮರೆಯಾಯಿತು. ಒಟ್ಟು 762. ಇನ್ನಿಂಗ್ಸ್ ಮತ್ತು 217 ರನ್ನಿನ ಗೆಲುವು. ಒಂದೇ ಫೈನಲ್ಲಿನಲ್ಲಿ ಐದು ವಿಕೆಟ್, ಒಂದು ಶತಕ, ಕೈಯಲ್ಲಿ ಕಪ್ಪು.

ನನ್ನ ಮಾತು ಇಷ್ಟೇ. ಒಂದು ಟೆಸ್ಟಿನ 13 ಓವರು, ಒಂದು ಸಂಜೆಯ 9 ಓವರು, ಇವುಗಳಿಂದ ಒಬ್ಬನ ಹದಿನೇಳು ಋತುಗಳನ್ನು ಅಳೆಯುವ ತಕ್ಕಡಿ ನನಗೆ ಒಪ್ಪಿಗೆಯಿಲ್ಲ. ಮೂವತ್ತು ಚಿಲ್ಲರೆ ವರ್ಷ ಎಸ್‌.ಎಸ್‌.ಎಲ್‌.ಸಿ. ಮಕ್ಕಳ ನಡುವೆ ಕಳೆದವನು ನಾನು. ಮೂರು ಗಂಟೆಯ ಪರೀಕ್ಷೆಯಲ್ಲಿ ಎಡವಿದ ಹುಡುಗನನ್ನು ಊರು ಇಪ್ಪತ್ತು ವರ್ಷದವರೆಗೆ "ಫೇಲಾದವನು" ಎಂದೇ ಗುರುತಿಸುವುದನ್ನು ನೋಡಿದ್ದೇನೆ. ಅವನು ಬಾವಿ ತೋಡಿಸಿರಲಿ, ತಂಗಿಯರ ಮದುವೆ ಮಾಡಿರಲಿ, ಲೆಕ್ಕಕ್ಕಿಲ್ಲ. ವಿನಯ್ ಬಗ್ಗೆ ಯಾರಾದರೂ ಹಗುರವಾಗಿ ಆಡಿದಾಗ ನನಗೆ ಸಿಟ್ಟು ಬರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಅಮೆರಿಕದ ಬಾಸ್ಟನ್ನಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಇದೇ ವಾದಕ್ಕೆ ಒಂದು ಉದಾಹರಣೆ ಕೊಟ್ಟ. ಅಲ್ಲಿನ ಬೇಸ್‌ಬಾಲಿನಲ್ಲಿ ಲೂಯಿಸ್ ಟಿಯಾಂಟ್ ಎಂಬ ಕ್ಯೂಬಾ ಮೂಲದ ಪಿಚರ್ ಇದ್ದರು; ಪಿಚರ್ ಎಂದರೆ ನಮ್ಮ ಬೌಲರನ ಹಾಗೆ. 1961ರಲ್ಲಿ ಕ್ಯೂಬಾ ಬಿಟ್ಟವರು ತಿರುಗಿ ತಾಯ್ನಾಡಿಗೆ ಕಾಲಿಟ್ಟದ್ದು 2007ರಲ್ಲಿ, 46 ವರ್ಷಗಳ ಮೇಲೆ. ಅಮೆರಿಕ ಮತ್ತು ಕ್ಯೂಬಾ ಸರ್ಕಾರಗಳ ವೈರ ಅಷ್ಟರಮಟ್ಟಿನದು. 1975ರಲ್ಲಿ ಅವರ ತಂದೆ ತಾಯಿಗೆ ಅನುಮತಿ ದೊರೆತು, ಮಗನ ಆಟವನ್ನು ಬಾಸ್ಟನ್ನಿನಲ್ಲಿ ಕಂಡರು. ತಂದೆಯೂ ಒಳ್ಳೆಯ ಪಿಚರೇ. ಕಪ್ಪು ಬಣ್ಣದವರಿಗೆ ದೊಡ್ಡ ಲೀಗಿನಲ್ಲಿ ಪ್ರವೇಶವಿಲ್ಲದ ಕಾಲದವರು. ಮಗ 229 ಪಂದ್ಯಗಳ ಗೆಲುವು ತನ್ನ ಹೆಸರಿಗೆ ಬರೆಸಿಕೊಂಡರೂ ಅಲ್ಲಿನ ಹಾಲ್ ಆಫ್ ಫೇಮ್ ಗೌರವ ಬದುಕಿದ್ದಾಗ ಸಿಗಲಿಲ್ಲ, 2024ರಲ್ಲಿ ತೀರಿಕೊಂಡರು. ಆದರೂ ಬಾಸ್ಟನ್ನಿನ ಮುದುಕರು ಇಂದಿಗೂ ಅವರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರಂತೆ. ದಾವಣಗೆರೆಯ ನಾವೂ ಅಷ್ಟು ಮಾಡಬಾರದೇಕೆ ಎಂಬುದು ಆ ಹುಡುಗನ ಪ್ರಶ್ನೆ. ಹುಡುಗ ಎಂದೆ, ಅವನಿಗೀಗ ನಲವತ್ತಾರು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಐ.ಪಿ.ಎಲ್.ನಲ್ಲಿ ಬೆಂಗಳೂರು, ಕೊಚ್ಚಿ, ಕೋಲ್ಕತ್ತ, ಮುಂಬೈ ಎಂದು ಸುತ್ತಾಡಿ 105 ಪಂದ್ಯಗಳಲ್ಲಿ 105 ವಿಕೆಟ್. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ, ಮೂವತ್ತಮೂರು ದಾಟಿದ ಮೇಲೆ, ಮುಂಬೈ ವಿರುದ್ಧ ರಣಜಿ ಕ್ವಾರ್ಟರ್ ಫೈನಲ್ಲಿನಲ್ಲಿ ಹ್ಯಾಟ್ರಿಕ್. 34 ರನ್ನಿಗೆ 6 ವಿಕೆಟ್. ಮೈಸೂರಿನ ಬಾಕಿ ಅಲ್ಲಿ ಬಡ್ಡಿ ಸಮೇತ ತೀರಿತೆಂದು ನಾನು ಅಂದುಕೊಂಡೆ. ಆದರೆ ಸೆಮಿಫೈನಲ್ಲಿನಲ್ಲಿ ವಿದರ್ಭದೆದುರು 5 ರನ್ನಿನಿಂದ ಸೋಲು. ಆರು ರನ್ನು, ಐದು ರನ್ನು. ಕರ್ನಾಟಕದ ಹಣೆಬರಹದಲ್ಲಿ ಇಂಥವೇ ಇರುತ್ತವೆ.

2019ರಲ್ಲಿ ಅವರು ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದರು. ನಮ್ಮಲ್ಲಿ ಹೊಸ ವೇಗಿಗಳು ಬಂದಿದ್ದರು, ಜಾಗ ಬಿಡುವುದು ಸಹಜ. ಆದರೂ ಎರಡು ಸಲ ಮೂರು ಮೂರು ಕಪ್ಪು ತಂದ ನಾಯಕ ಬೇರೆ ತಂಡದ ಟೋಪಿ ಹಾಕಿಕೊಂಡದ್ದನ್ನು ಪತ್ರಿಕೆಯಲ್ಲಿ ಕಂಡ ದಿನ ಮನಸ್ಸು ಮುದುಡಿತು. ನನ್ನ ನಿವೃತ್ತಿಯೂ ಹತ್ತಿರವಿದ್ದ ದಿನಗಳವು. ಪುದುಚೇರಿ ರಣಜಿಗೆ ಸೇರಿ ಒಂದೇ ವರ್ಷವಾಗಿತ್ತು. ಅಂಥ ಹೊಸ ತಂಡದೊಂದಿಗೆ, ನೋಡುವವರಿಲ್ಲದ ಮೈದಾನಗಳಲ್ಲಿ, ಮೂವತ್ತೈದರ ಮೊಣಕಾಲಿನಲ್ಲಿ ಅದೇ ಓಟ ಓಡಿ ಅದೇ ಹೊಲಿಗೆಯನ್ನು ಸ್ಲಿಪ್ಪಿನ ಕಡೆಗೆ ತೋರಿಸಿದರು. ಪತ್ರಿಕೆಯ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರುತ್ತಿದ್ದ ಆ ಪಂದ್ಯಗಳ ಸ್ಕೋರನ್ನು ನಾನು ಕನ್ನಡಕ ಒರೆಸಿಕೊಂಡು ಓದುತ್ತಿದ್ದೆ.

2021ರ ಫೆಬ್ರುವರಿಯಲ್ಲಿ, ದಾವಣಗೆರೆ ಎಕ್ಸ್‌ಪ್ರೆಸ್ ನಿವೃತ್ತಿಯೆಂಬ ನಿಲ್ದಾಣ ತಲುಪಿತೆಂಬ ಅರ್ಥದ ಮಾತಿನೊಂದಿಗೆ ಅವರು ಆಟ ಮುಗಿಸಿದರು. 139 ಪ್ರಥಮ ದರ್ಜೆ ಪಂದ್ಯ, 504 ವಿಕೆಟ್. ರಣಜಿಯಲ್ಲಿ 442, ಅವರು ನಿಂತಾಗ ಆ ಟ್ರೋಫಿಯ ಚರಿತ್ರೆಯಲ್ಲಿ ಯಾವ ವೇಗದ ಬೌಲರನೂ ಅಷ್ಟು ಪಡೆದಿರಲಿಲ್ಲ. ಅವರಿಗಿಂತ ಮುಂದಿದ್ದವರೆಲ್ಲ ಸ್ಪಿನ್ನರುಗಳು. ಅವರಲ್ಲಿ 479 ವಿಕೆಟಿನ ಗದಗಿನ ಸುನಿಲ್ ಜೋಶಿ ಒಬ್ಬರು. ಆಮೇಲೆ ವಿನಯ್ ಮುಂಬೈ ಇಂಡಿಯನ್ಸ್ ತಂಡಕ್ಕಾಗಿ ಎಳೆಯ ಆಟಗಾರರನ್ನು ಹುಡುಕುವ ಕೆಲಸ ಹಿಡಿದರು. ನಮ್ಮೂರ ಕಡೆ ಬಂದರೆ ಅಡಿಕೆ ತೋಟದ ಆ ನನ್ನ ವಿದ್ಯಾರ್ಥಿಯ ಮಗನನ್ನು ತೋರಿಸಬಹುದಿತ್ತು. ಹನ್ನೆರಡು ವರ್ಷ; ಎಡಗೈ. ಚೆಂಡು ತಿರುಗಿಸುತ್ತಾನೆ, ಆದರೆ ಯಾವ ಕಡೆಗೆಂದು ಅವನಿಗೇ ಇನ್ನೂ ಗೊತ್ತಿಲ್ಲ.