ರೆಕ್ಕೆಯ ಏರು

ವಿಮಾನಗಳ ಕಿರು ಪ್ರತಿಕೃತಿ ಮಾಡುವುದು ಮಕ್ಕಳಾಟವೆಂದು ಬಗೆಯುವ ವಾಚಕರು ಹಲವರಿರಬಹುದು. ನಮ್ಮ ನವಲಿಯಲ್ಲಿಯೂ ಹಾಗೆಂದು ನಕ್ಕವರುಂಟು. 2008ರ ಬೇಸಿಗೆಯಲ್ಲಿ ನಾನು ಅದಕ್ಕೆ ಕೈಹಾಕಿದುದು ನನ್ನ ಸೋದರಮಾವನವರ ಸಲುವಾಗಿ. ಅವರು ಯೌವನದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಎಚ್.ಟಿ.-2 ಎಂಬ ವಿಮಾನಕ್ಕೆ ರಿವೆಟ್ಟು ಬಡಿದವರು. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡು, 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಈ ವಿಮಾನದಲ್ಲಿಯೇ ನಮ್ಮ ವಾಯುಸೇನೆಯ ಎಷ್ಟೋ ತರುಣರು ಹಾರಲು ಕಲಿತರು. ಮಾವನವರ ಎರಡು ಕಣ್ಣುಗಳೂ ಆಗ ಹೋಗಿದ್ದವು. “ಒಮ್ಮೆ ಅದನ್ನ ಮುಟ್ಟಿ ನೋಡಬೇಕಲ್ಲೋ” ಎಂದಿದ್ದರು.

ಕಿನ್ನಾಳದ ಗೊಂಬೆಗಳಿಗೆ ಬಳಸುವಂತಹ ಹಗುರ ಮರವನ್ನು ತಂದೆನು. ನನಗೆ ದೊರೆತ ನಕ್ಷೆಗಳು ಎರಡೇ: ಒಂದು ಮೇಲಿನಿಂದ ಕಂಡದ್ದು, ಇನ್ನೊಂದು ಪಕ್ಕದಿಂದ. ಇಪ್ಪತ್ತನಾಲ್ಕರಲ್ಲೊಂದು ಪಾಲಿಗೆ ಇಳಿಸಿದರೆ 10.72 ಮೀಟರಿನ ರೆಕ್ಕೆ ಸುಮಾರು 45 ಸೆಂಟಿಮೀಟರಾಗುವುದು. ನಾಲ್ಕು ಮಿಲಿಮೀಟರಿನ ರಿವೆಟ್ಟಿನ ತಲೆಯೋ, ಒಂದು ಮಿಲಿಮೀಟರಿನ ಆರನೆಯ ಒಂದು ಪಾಲು! ಆದರೂ ಸೂಜಿಯಿಂದ ಸಾಲುಸಾಲಾಗಿ ಚುಚ್ಚಿದೆನು; ಅವುಗಳಲ್ಲಿ ಅರ್ಧ ಬರಿಯ ಊಹೆ. ಅದರ ಬಗೆಗೇ ನನಗೆ ಹೆಮ್ಮೆ.

ಮಾವನವರ ಬೆರಳು ಆ ಚುಕ್ಕೆಗಳ ಮೇಲೆ ನಿಲ್ಲಲೇ ಇಲ್ಲ. ರೆಕ್ಕೆಯ ಬುಡದಿಂದ ತುದಿಗೆ ಸರಿದು, ಮತ್ತೆ ಬುಡಕ್ಕೆ ಬಂದಿತು.

“ರೆಕ್ಕಿ ಸಪಾಟ ಮಾಡೀಯಲ್ಲೋ. ಇದು ನಮ್ಮದಲ್ಲ.”

ರೆಕ್ಕೆಗಳು ತುದಿಯತ್ತ ತುಸು ಮೇಲೇರಿರುತ್ತವೆ. ಒಂದು ಪಕ್ಕಕ್ಕೆ ವಾಲಿದ ವಿಮಾನ ತಾನಾಗಿ ಸಮಕ್ಕೆ ಬರಲು ಈ ಏರು ನೆರವಾಗುವುದು. ಹೊಸದಾಗಿ ಕಲಿಯುವವನ ಪ್ರಾಣರಕ್ಷಣೆಗೆ ಅದೂ ಒಂದು ಆಸರೆ. ಮೇಲಿನ ನಕ್ಷೆಯಲ್ಲಿ ಅದು ಕಾಣದು. ಪಕ್ಕದ ನಕ್ಷೆಯಲ್ಲಿ ಕಂಡರೂ ಗುರುತು ಹಿಡಿಯುವ ಕಣ್ಣು ಬೇಕು.

ಬೆಂಗಳೂರಿಗೆ ಹೋದೆನು. 2001ರಲ್ಲಿ ತೆರೆದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಆ ವಿಮಾನವಿದೆ. ಅದರ ಮೂತಿಗೆ ನೇರವಾಗಿ, ಆದಷ್ಟು ದೂರ ಸರಿದು, ನೆಲಕ್ಕೆ ಕುಳಿತು ಚಿತ್ರ ತೆಗೆದೆನು. ಹತ್ತಿರದಿಂದ ತೆಗೆದರೆ ಅಳತೆ ವಕ್ರವಾಗುವುದು. ರೆಕ್ಕೆಯ ಒಟ್ಟು ಉದ್ದ ತಿಳಿದಿದ್ದುದರಿಂದ, ಚಿತ್ರದ ಮೇಲೆ ಅಳೆದು ತುದಿಯ ಏರನ್ನು ಲೆಕ್ಕ ಹಾಕಿಕೊಂಡೆನು.

ಊರಿಗೆ ಬಂದು ರೆಕ್ಕೆಗಳನ್ನು ಬುಡದಲ್ಲಿ ಗರಗಸದಿಂದ ಕೊಯ್ದು, ಸಣ್ಣ ಬೆಣೆಯಿಟ್ಟು ಎತ್ತಿದೆನು. ಸಂದಿಗೆ ಕಿನ್ನಾಳದವರ ರೀತಿಯಲ್ಲಿಯೇ ಹುಣಸೆಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ತುಂಬಿದೆನು. ಸೂಜಿಯ ಚುಕ್ಕೆಗಳೆಲ್ಲ ಉಜ್ಜಿ ಹೋದವು, ಹೋಗಲಿ.

ಈ ಸಲ ಮಾವನವರು ಬಹಳ ಹೊತ್ತು ಹಿಡಿದುಕೊಂಡರು. ಮೂಗಿನ ಹತ್ತಿರ ತಂದು ಮೂಸಿದರು. ಬಳಿಕ ಬೆರಳು ಬಾಲದ ಕಡೆಗೆ ಹೋಯಿತು.

“ಹಿಂದಿನ ಗಾಲಿ ತಿರಗತೈತೇನು?”

ಅದನ್ನು ನಾನು ಭದ್ರವಾಗಿ ಅಂಟಿಸಿಬಿಟ್ಟಿದ್ದೆನು.