ಹಿಪ್ಪರಗಿಯ ಮದುವೆಯಲ್ಲಿ ಕಾಣದ ಕ್ಯಾಮೆರಾ

ಕಬ್ಬಿನ ಹಂಗಾಮಿನಲ್ಲಿ ಹಿಪ್ಪರಗಿಗೆ ಹೊರಟವರು ಗಡಿಯಾರ ನೋಡಬಾರದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಮುಂದೆ ಸಾಗುತ್ತವೆ. ಬಸ್ಸು ಅವುಗಳ ಹಿಂದೆ. ಕಬ್ಬಿನ ಗದ್ದೆಗಳಾಚೆ ಕೃಷ್ಣಾ ನದಿ, ಅದಕ್ಕೆ ಅಡ್ಡಲಾಗಿ ಊರಿನ ಹೆಸರನ್ನೇ ಹೊತ್ತ ಬ್ಯಾರೇಜ್.

ನಾನು ಹೋದದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆ. ಮನೆಯ ಮುಂದೆಯೇ ಹಂದರ, ಹಾಲಗಂಬ, ಒಳಗೆ ಗೋಧಿ ಹುಗ್ಗಿಯ ಪರಿಮಳ. ನಮ್ಮ ಕಡೆಯ ಮದುವೆಗಳಲ್ಲಿ ಅಕ್ಕಿಕಾಳು ಬೀಳುವುದು ವಧೂವರರ ತಲೆಯ ಮೇಲಲ್ಲ, ಅವರೆದುರು ಗೋಡೆಯಂತೆ ನಿಂತ ಫೋಟೊದವನ ಬೆನ್ನಿನ ಮೇಲೆ. ಅಂದು ಮಾತ್ರ ಮದುಮಕ್ಕಳ ಮುಖ ನಮಗೆಲ್ಲ ಕಂಡಿತು. ಫೋಟೊದವನು ಬಂದಿಲ್ಲವೇ ಎಂದು ಹುಡುಕಿದೆ. ಕಂಬದ ಮಗ್ಗುಲಲ್ಲಿ ಸಣ್ಣ ಕ್ಯಾಮೆರಾ ಹಿಡಿದು ನಿಂತಿದ್ದ. ಅವನೂ ನನ್ನ ವಿದ್ಯಾರ್ಥಿಯೇ, ಕೊನೆಯ ಬೆಂಚಿನವನು.

‘ಫ್ಲ್ಯಾಶ್ ಎಲ್ಲೋ?’ ಎಂದೆ.

‘ಬ್ಯಾಡ್ರಿ ಸರ್ರ. ಫ್ಲ್ಯಾಶ್ ಹೊಡದ್ರ ಎಲ್ಲಾರೂ ನನ್ನ ಕಡೆ ನೋಡ್ತಾರ. ಅವರು ಅವರ ಮದುವಿ ನೋಡಬೇಕಲ್ರಿ?’

ಪಾಠ ಮಾಡುವ ಚಟದಿಂದ ಒಂದು ಮಾತು ಹೇಳುತ್ತೇನೆ. ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು. ಆದ್ದರಿಂದ ಮುಂದೆ ನಿಂತವರು ಬೆಳ್ಳಗೆ, ಹಿಂದಿನವರು ಕತ್ತಲೆಗೆ. 1997ರಲ್ಲಿ ನಡೆದ ನನ್ನ ಮದುವೆಯ ಆಲ್ಬಮ್ಮಿನಲ್ಲಿ ಬೀಗರೆಲ್ಲ ಸಾಲಾಗಿ ಬೆಳಗುತ್ತಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಅವ್ವ ಬರೀ ಕಪ್ಪು ನೆರಳು. ಅವಳು ಈಗಿಲ್ಲ. ಆ ಫೋಟೊಗ್ರಾಫರನ ತಪ್ಪೆನ್ನಲಾರೆ. ಆಗ ರೀಲಿಗೆ 36 ಚಿತ್ರ, ಪ್ರತಿ ಚಿತ್ರಕ್ಕೂ ದುಡ್ಡು. ಅವನ ರೀಲಿನ ವೇಗ 100. ಇಂದಿನ ಕ್ಯಾಮೆರಾವನ್ನು 3200ಕ್ಕೆ ಇಟ್ಟರೆ 32ರಲ್ಲಿ ಒಂದು ಪಾಲು ಬೆಳಕು ಸಾಕು. ಹಂದರದ ಸಂದಿನಿಂದ ಇಳಿಯುವ ಬಿಸಿಲೇ ಬೇಕಾದಷ್ಟಾಯಿತು.

ಆದರೆ ಯಂತ್ರವೊಂದೇ ಸಾಲದು. ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸ್ಸಾನ್ ಜನರ ಗಮನ ಸೆಳೆಯದಿರಲೆಂದು ತನ್ನ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದ. 1948ರ ಜನವರಿ 30ರಂದು ಗಾಂಧೀಜಿ ಹತ್ಯೆಗೆ ಸ್ವಲ್ಪ ಮೊದಲು ಅವರನ್ನು ಕಂಡುಬಂದವನು ಆತ. ನಮ್ಮವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರನ್ನು, ಮಕ್ಕಳನ್ನು ಅವರಿದ್ದಂತೆಯೇ ತೋರಿಸಿದರು. 1977ರಲ್ಲಿ ಪದ್ಮಶ್ರೀ ಪಡೆದರು. ಇಬ್ಬರ ಬಂಡವಾಳವೂ ತಾಳ್ಮೆ.

ಆ ತಾಳ್ಮೆಯನ್ನು ಅಂದು ಕಣ್ಣಾರೆ ಕಂಡೆ. ಒಡಪು ಹಾಕಿ ಗಂಡನ ಹೆಸರು ಹೇಳೆಂದು ಹೆಂಗಸರು ಮದುಮಗಳನ್ನು ಕಾಡಿದರು. ಅವಳು ನಾಚಿ ಸೆರಗಿನಲ್ಲಿ ಮುಖ ಮುಚ್ಚಿದಳು. ಇವನು ‘ಈ ಕಡೆ ನೋಡವಾ’ ಎನ್ನಲಿಲ್ಲ; ಕಾದ. ಮಗಳನ್ನು ಒಪ್ಪಿಸಿಕೊಡುವಾಗ ತಂದೆ ಕಣ್ಣೊರೆಸಿಕೊಂಡಾಗ ಒಂದೇ ಚಿತ್ರ ತೆಗೆದು ಕ್ಯಾಮೆರಾ ಕೆಳಗಿಳಿಸಿದ. ‘ಎಲ್ಲಾನೂ ತೆಗೀಬಾರದ್ರಿ ಸರ್ರ’ ಎಂದ. ಹಾಗೆಂದು ಹಿರಿಯರ ಆಸೆಯನ್ನೂ ಮುರಿಯಲಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಬೀಗರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದ.

ಅವನ ತಂದೆ ಒಮ್ಮೆ ಶಾಲೆಗೆ ಬಂದು, ‘ಇವಗ ಓದೂದು ಹತ್ತೂದಿಲ್ರಿ, ಬರೇ ಮಂದಿ ಮಾರಿ ನೋಡಕೋತ ಕೂಡ್ತಾನ’ ಎಂದು ದೂರಿದ್ದರು. ನಾನೂ ತಲೆ ಅಲ್ಲಾಡಿಸಿದ್ದೆ. ಪಾಲಕರೂ ಮಾಸ್ತರರೂ ಕೂಡಿ ದಡ್ಡತನವೆಂದು ಬರೆದಿಟ್ಟದ್ದು ಅವನ ವಿದ್ಯೆಯಾಗಿತ್ತು.

ತಿಂಗಳ ನಂತರ ಆಲ್ಬಮ್ ನೋಡಿದೆ. ಒಂದು ಪುಟದಲ್ಲಿ ಮದುಮಗಳ ತಾಯಿ. ಕೈಗೆಲ್ಲ ಹಿಟ್ಟು, ಅಡುಗೆಮನೆಯ ಬಾಗಿಲಿನಿಂದ ಇಣುಕಿ ಅಕ್ಕಿಕಾಳು ಬೀಳುವುದನ್ನು ನೋಡುತ್ತಿದ್ದಾಳೆ. ಮುಖ ಸ್ಪಷ್ಟವಾಗಿದೆ.

ಮನೆಗೆ ಬಂದು ನಮ್ಮ ಆಲ್ಬಮ್ ತೆಗೆದೆ. ಕತ್ತಲಲ್ಲಿ ನಿಂತ ಅವ್ವನನ್ನು ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ‘ಬಳಿ ಕಾಣ್ತಾವಲ್ರಿ’ ಎಂದಳು.