ತುಕ್ಕಾನಟ್ಟಿಗೆ ಬಂದ ಪುಟ್ಟ ಅತಿಥಿ

ಬೇಸಿಗೆಯ ರಜೆ ಬಂದಿತೆಂದರೆ ಜನರು ಮಡಿಕೇರಿಯ ಕಡೆಗೋ ಕಡಲ ತೀರಕ್ಕೋ ಹೊರಡುವುದು ರೂಢಿ. ಮೇ ತಿಂಗಳಿನಲ್ಲಿ ಬೆಳಗಾವಿ ಜಿಲ್ಲೆಯ ಬಯಲಿಗೆ, ಅದರಲ್ಲಿಯೂ ತುಕ್ಕಾನಟ್ಟಿಯಂತಹ ಊರಿಗೆ, ಹವೆ ಬದಲಾವಣೆಗೆಂದು ಬಂದವರನ್ನು ನಾನು ಕಂಡಿಲ್ಲ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿರುವ ಈ ಊರಿಗೆ, ಕೃಷಿ ವಿಜ್ಞಾನ ಕೇಂದ್ರವನ್ನು ಅರಸಿ ಬರುವ ರೈತರನ್ನು ಬಿಟ್ಟರೆ, ದೂರದವರು ಬರುವುದು ಮದುವೆಗೆ, ಇಲ್ಲವೆ ಮಣ್ಣಿಗೆ. ಆದುದರಿಂದ ಕಳೆದ ಬೇಸಿಗೆಯಲ್ಲಿ ಪುತ್ತೂರಿನ ಹತ್ತು ವರುಷದ ಹುಡುಗನೊಬ್ಬನು ಹದಿನೈದು ದಿನ ಇರಲೆಂದು ನಮ್ಮ ಮನೆಗೆ ಬಂದದ್ದು ಓಣಿಗೆಲ್ಲ ಸುದ್ದಿಯಾಯಿತು.

ಆತನು ನನ್ನ ಮಗನ ಗೆಳೆಯ. ನಾನು ದಕ್ಷಿಣ ಕನ್ನಡದ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಒಂದೇ ತೋಟದ ನೇರಳೆಹಣ್ಣು ಕದ್ದವರು. ನನಗೆ ವರ್ಗವಾಗಿ ಈ ಕಡೆಗೆ ಬಂದು ಎರಡು ವರುಷಗಳಾಗಿದ್ದವು. ಅಂದಿನಿಂದ ಪ್ರತಿ ಆದಿತ್ಯವಾರ ದೂರವಾಣಿಯಲ್ಲಿ ಅವರ ಸಂಭಾಷಣೆ ನಡೆದಿತ್ತು. ಸಂಭಾಷಣೆಯೆಂದರೆ ಬಹುಮಟ್ಟಿಗೆ ಜಂಬವೇ. ಅವನಿಗೆ ಕಡಲುಂಟು, ಕಾಡುಂಟು, ತಿಂಗಳುಗಟ್ಟಲೆ ಸುರಿಯುವ ಮಳೆಯುಂಟು. ನಮ್ಮವನಿಗೆ ಎದುರು ನಿಲ್ಲಿಸಲು ಇದ್ದುದು ಗೋಕಾಕದ ಜಲಪಾತವೊಂದೇ. 52 ಮೀಟರಿನ ಆ ಧುಮುಕನ್ನು ಆತನು ವಾರ ವಾರಕ್ಕೂ ಒಂದಿಷ್ಟು ಎತ್ತರಿಸುತ್ತ ಹೋಗಿದ್ದನು.

ಹುಡುಗನ ತಂದೆ ಹುಬ್ಬಳ್ಳಿಯವರೆಗೆ ಕರೆತಂದು ನಮಗೊಪ್ಪಿಸಿದರು. ಅಲ್ಲಿಂದ ರೈಲಿನಲ್ಲಿ ಬೆಳಗಾವಿಯ ಮೇಲೆ ಹಾದು ಘಟಪ್ರಭಾ ನಿಲ್ದಾಣದಲ್ಲಿಳಿದೆವು. ಗೆಳೆಯನನ್ನು ಕಂಡೊಡನೆ ಆ ಹುಡುಗನು ತುಳುವಿನಲ್ಲಿ, “ಎಂಚ ಉಲ್ಲ?” ಎಂದಿದ್ದನು. ನನ್ನ ಮಗನು ಕಣ್ಣು ಪಿಳುಕಿಸಿದನು. ಪುತ್ತೂರಿನಲ್ಲಿದ್ದಾಗ ಮನೆಯೊಳಗಿನ ಕನ್ನಡಕ್ಕಿಂತ ಅಂಗಳದ ತುಳುವೇ ಆತನ ನಾಲಗೆಯ ಮೇಲೆ ಹೆಚ್ಚಾಗಿತ್ತು. ಎರಡೇ ವರುಷದಲ್ಲಿ ಅದು ಇಂಗಿ ಹೋಗಿತ್ತು. ದೂರವಾಣಿಯಲ್ಲಿ ಶಾಲೆಯ ಕನ್ನಡದಿಂದ ಕೆಲಸ ಸಾಗುತ್ತಿದ್ದುದರಿಂದ ಈ ಸಂಗತಿ ನಮ್ಮಾರ ಗಮನಕ್ಕೂ ಬಂದಿರಲಿಲ್ಲ. ರೈಲಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಗಳಲ್ಲಿ ಕುಳಿತರು.

ಮನೆಯಲ್ಲಿ ನನ್ನ ತಾಯಿ, “ಬಾ ತಮ್ಮಾ, ಮಾರಿ ತೊಳಕೊಂಡು ಚಾ ಕುಡಿ” ಎಂದು ಅಕ್ಕರೆಯಿಂದ ಕರೆದರು. ಹುಡುಗನು ಬೆಚ್ಚಿದನು. ಮಾರಿಯೆಂದರೆ ಆತನಿಗೆ ಗೊತ್ತಿದ್ದುದು ಮಾರಿಯಮ್ಮ! ನಮ್ಮ ಕಡೆಗೆ ಮುಖಕ್ಕೇ ಮಾರಿ ಎನ್ನುತ್ತಾರೆಂದು ನಾನು ಬಿಡಿಸಿ ಹೇಳಬೇಕಾಯಿತು. “ಅಜ್ಜೀ, ನನಗೆ ಹಸಿವೆಯಿಲ್ಲ, ಸ್ವಲ್ಪ ಹೊತ್ತು ಕಳೆದು ಊಟ ಮಾಡುತ್ತೇನೆ” ಎಂದು ಅವನೆಂದಾಗ ತಾಯಿ ನನ್ನ ಕಡೆ ತಿರುಗಿ, “ಪುಸ್ತಕ ಓದಿದಂಗ ಮಾತಾಡತೈತಲ್ಲೋ ಕೂಸು!” ಎಂದು ಬೆರಗಾದರು.

ಊಟದ ವಿಷಯವನ್ನು ವಿಸ್ತರಿಸಲೇಬೇಕು. ಕುಚ್ಚಲಕ್ಕಿಯ ಗಂಜಿಯಲ್ಲಿ ಬೆಳೆದ ಮಗುವಿನ ಮುಂದೆ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳನ್ನಿಟ್ಟರೆ ಗತಿಯೇನು? ಮೊದಲ ಮೂರು ದಿನ ಆತನು ರೊಟ್ಟಿಯ ಅಂಚನ್ನು ಚಿವುಟುತ್ತ ಕುಳಿತನು. ನನ್ನ ಮನೆಯಾಕೆಗೆ ನಿದ್ದೆ ಹತ್ತಲಿಲ್ಲ. ಪರರ ಮಗು ನಮ್ಮ ಮನೆಯಲ್ಲಿ ಹಸಿದು ಮಲಗಿದರೆ ಆ ತಾಯಿಗೇನೆಂದು ಉತ್ತರ ಕೊಡುವುದು? ಮೂಡಲಗಿಯ ಪೇಟೆಯಿಂದ ಅಕ್ಕಿ ತರಿಸಿ ಅನ್ನವಿಕ್ಕಿದ್ದಾಯಿತು. ಕುಚ್ಚಲಕ್ಕಿ ಮಾತ್ರ ದೊರೆಯಲಿಲ್ಲ. ನನ್ನ ತಾಯಿಯ ಉಪಾಯ ಬೇರೆ. ಅವರು ಹುಡುಗನನ್ನು ಒಲೆಯ ಬಳಿ ಕೂರಿಸಿಕೊಂಡು ಹಿಟ್ಟು ನಾದಿ, ಬಡಿಯಲು ಕೈಗೇ ಕೊಟ್ಟರು. ಅವನು ಬಡಿದ ರೊಟ್ಟಿ ಕರ್ನಾಟಕದ ನಕ್ಷೆಯಂತೆ ಮೂಡಿತು. ಅದನ್ನು ಕೆನೆಮೊಸರಿನೊಡನೆ ಪೂರ್ತಿ ತಿಂದನು. ಅಂದಿನಿಂದ ನನ್ನ ತಾಯಿಯನ್ನು ನಮ್ಮವನಂತೆಯೇ “ಆಯಿ” ಎನ್ನತೊಡಗಿದನು.

ಆದರೆ ಹುಡುಗರಿಬ್ಬರ ನಡುವಿನ ಬಿಗುವು ಸಡಿಲಲಿಲ್ಲ. ಬಿಸಿಲು 40 ಡಿಗ್ರಿಯ ಸನಿಹದಲ್ಲಿದ್ದು ಹೊರಗೆ ಆಡುವಂತಿರಲಿಲ್ಲ. ಒಬ್ಬನು ಪಡಸಾಲೆಯಲ್ಲಿ, ಇನ್ನೊಬ್ಬನು ಅಟ್ಟದಲ್ಲಿ. ನನ್ನ ಮಗನ ಮೌನಕ್ಕೆ ಇನ್ನೊಂದು ಕಾರಣವಿತ್ತೆಂದು ನಾನು ಬಲ್ಲೆ. ಮೇ ತಿಂಗಳಲ್ಲಿ ಜಲಪಾತ ಹೇಗಿರುವುದೆಂಬುದು ಆತನಿಗೂ ತಿಳಿದಿತ್ತು.

ಐದನೆಯ ದಿನ ನಸುಕಿನಲ್ಲಿ ಗೋಕಾಕಕ್ಕೆ ಹೋದೆವು. ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಒಮ್ಮೆಲೇ ಉರುಳುವ ಜಾಗದಲ್ಲಿ ಅಂದು ಬೆತ್ತಲೆ ಕಲ್ಲು. ಮೂಲೆಯಲ್ಲೆಲ್ಲೋ ಬೆರಳಗಲದ ಒಂದು ಧಾರೆ. ತೂಗುಸೇತುವೆ ಬರಿದಾದ ಕಣಿವೆಯ ಮೇಲೆ ತೂಗುತ್ತಿತ್ತು. ಪುತ್ತೂರಿನ ಹುಡುಗನು ಬಹಳ ಹೊತ್ತು ನೋಡಿ, ತನಗರಿಯದೆಯೇ ಎಂಬಂತೆ, “ನೀರ್ ಓಲುಂಡು?” ಎಂದನು. ನೀರೆಲ್ಲಿ ಎಂದು ಅರ್ಥ. ನನ್ನ ಮಗನು ತಲೆ ತಗ್ಗಿಸಿಕೊಂಡೇ, “ಇಜ್ಜಿ” ಎಂದನು.

ಇಲ್ಲವೆಂಬುದಕ್ಕೆ ತುಳುವಿನಲ್ಲಿ ಇರುವ ಶಬ್ದವದು. ಎರಡು ವರುಷ ಎಲ್ಲಿ ಅಡಗಿತ್ತೋ! ಆಡಿದವನಿಗೇ ಆಶ್ಚರ್ಯವಾಯಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು, ನಕ್ಕರು, ಆ ನಗೆ ಬಂಡೆಗಳಿಗೆ ತಾಗಿ ಮರಳಿ ಬಂದಿತು.

ನೀರೆಲ್ಲಿ ಹೋಯಿತೆಂಬುದನ್ನು ನಾನು ವಿವರಿಸಿದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ಘಟಪ್ರಭೆಯನ್ನು ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಆಣೆಕಟ್ಟು ತಡೆಯುತ್ತದೆ. ಅಲ್ಲಿಂದ ಬಿಟ್ಟ ನೀರನ್ನು ಧೂಪದಾಳದ ಒಡ್ಡು ಎಡದಂಡೆಯ ಕಾಲುವೆಗೆ ತಿರುಗಿಸುತ್ತದೆ. ಜಲಪಾತವಿರುವುದು ಧೂಪದಾಳದ ಕೆಳಗೆ. ಮಿಕ್ಕದ್ದಷ್ಟೇ ಇಲ್ಲಿಗೆ ಬರಬೇಕು. ಧುಮುಕುವ ಈ ನೀರಿನ ಬಲದಿಂದಲೇ 1887ರಲ್ಲಿ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ್ದರೆಂಬುದನ್ನೂ ಹೇಳಿದೆ. ಹುಡುಗನು ಸ್ವಲ್ಪ ಯೋಚಿಸಿ, “ಹಾಗಾದರೆ ಜಲಪಾತ ಈಗ ನಿಮ್ಮ ಕಡೆಯ ಕಬ್ಬಿನ ಗದ್ದೆಯಲ್ಲಿ ಉಂಟು” ಎಂದನು. ಗದ್ದೆಯಲ್ಲ, ಹೊಲ ಎಂದು ನನ್ನ ಮಗನು ತಿದ್ದಿದನು. ನನ್ನ ಎಂ.ಎ. ತರಗತಿಯಲ್ಲಿಯೂ ಇಂತಹ ಉತ್ತರವನ್ನು ನಾನು ಕೇಳಿದ್ದು ವಿರಳ.

ಗೋಕಾಕದ ಪೇಟೆಯಲ್ಲಿ ಬಣ್ಣದ ಕಟ್ಟಿಗೆಯ ಗೊಂಬೆಗಳನ್ನೂ ಕರದಂಟನ್ನೂ ಕೊಂಡೆವು. ಅಂಟನ್ನು ಕರಿದು, ಒಣಹಣ್ಣು ಬೆಲ್ಲಗಳೊಡನೆ ಬೆರೆಸುವುದರಿಂದ ಈ ಹೆಸರು. ಹಿಂದಿರುಗುವಾಗ, ಕನ್ನಡ ಅಧ್ಯಾಪಕನ ಚಟದಂತೆ, ಆನಂದಕಂದರು ಇದೇ ಸೀಮೆಯ ಬೆಟಗೇರಿಯವರೆಂದೂ, ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ ಘೋಡಗೇರಿ ಇಲ್ಲಿಗೆ ಸಮೀಪವೆಂದೂ ಹೇಳತೊಡಗಿದೆ. ಹಿಂದಿನ ಸೀಟಿನಲ್ಲಿ ಕರದಂಟಿನ ಪೊಟ್ಟಣ ಬಿಚ್ಚಿದ ಸಪ್ಪಳವಲ್ಲದೆ ಬೇರೆ ಪ್ರತಿಕ್ರಿಯೆ ಬರಲಿಲ್ಲ.

ಮುಂದಿನ ವಾರ ಪಕ್ಕದ ಊರಿನ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತವಿತ್ತು. ಈ ಬಯಲಾಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನೂ, ಅದನ್ನಾಡಿ ನಾಡಿಗೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನೂ ಇದೇ ನೆಲದವರು. ನಡುರಾತ್ರಿಗೆ ನಮ್ಮ ಮಗನು ಚಾಪೆಯ ಮೇಲೆ ಒರಗಿದನು. ಯಕ್ಷಗಾನದ ನಾಡಿನ ಹುಡುಗನು ಮಾತ್ರ ಕದಲಲಿಲ್ಲ. ಕೃಷ್ಣನೊಡನೆ ವಾದಿಸುವ ಗೊಲ್ಲತಿಯನ್ನೂ, ಮುನಿದ ಸತ್ಯಭಾಮೆಯನ್ನೂ ಬೆಳಗಿನವರೆಗೆ ನೋಡಿದನು. “ಮಾತು ಪೂರ್ತಿ ತಿಳಿಯಲಿಲ್ಲ, ಆದರೆ ಚೆಂಡೆಯಿಲ್ಲದಿದ್ದರೂ ಆಟ ಒಳ್ಳೆಯದುಂಟು” ಎಂಬುದು ಆತನ ತೀರ್ಪು. ಅಂದು ಸಂಜೆ ನಮ್ಮ ಮಾಳಿಗೆಯ ಮೇಲೆ ಕೊಡವೊಂದು ಚೆಂಡೆಯಾಯಿತು. ಆಯಿಯ ಇಳಕಲ್ ಸೀರೆ ಕಿರೀಟವಾಯಿತು. ಪುತ್ತೂರಿನವನು ಯಕ್ಷಗಾನದ ಹೆಜ್ಜೆ ಹಾಕಿದನು. ನಮ್ಮವನು ಗೊಲ್ಲತಿಯಾಗಿ ಬೆಳಗಾವಿಯ ಕನ್ನಡದಲ್ಲಿ ಜಗಳ ತೆಗೆದನು. ಓಣಿಯ ಹತ್ತೆಂಟು ಮಕ್ಕಳು ಪ್ರೇಕ್ಷಕರಾಗಿ ಬಂದು, ಹೋಗಲೊಲ್ಲದೆ, ನಮ್ಮಲ್ಲಿಯೇ ಉಂಡು ಮಲಗಿದರು.

ಹೊರಡುವ ದಿನ ಆಯಿ ಒಣಗಿಸಿದ ಕಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಹುಬ್ಬಳ್ಳಿಯಲ್ಲಿ ತಂದೆಯನ್ನು ಕಂಡೊಡನೆ ಹುಡುಗನ ಬಾಯಿಂದ, “ಅಪ್ಪಾ, ಮಾರಿ ಯಾಕ ಬಾಡೇತಿ?” ಎಂದು ಹೊರಟಿತು. ಆ ಮಹನೀಯರು ನನ್ನನ್ನು ನೋಡಿದ ನೋಟವನ್ನು ಬಣ್ಣಿಸಲಾರೆ.

ಜುಲೈಯಲ್ಲಿ ಹೊಳೆ ತುಂಬಿತು. ನನ್ನ ಮಗನು ಹಟ ಹಿಡಿದು ಜಲಪಾತಕ್ಕೆ ಕರೆದೊಯ್ದು, ಮೊಬೈಲಿನಲ್ಲಿ ಗೆಳೆಯನಿಗೆ ತೋರಿಸಿದನು. ಮೊರೆತದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲಿಲ್ಲ. ಬರುವ ಬೇಸಿಗೆಗೆ ಪುತ್ತೂರಿನಿಂದ ಕರೆ ಬಂದಿದೆ. ಅಲ್ಲಿ ಮೊಮ್ಮಗನಿಗೆ ರೊಟ್ಟಿ ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ನನ್ನ ತಾಯಿ ಈಗಿನಿಂದಲೇ ಜೋಳ ಹಸನು ಮಾಡುತ್ತಿದ್ದಾರೆ.